ಅನಾಥ ಎಂದು ಬರೆಯುವ ಮುನ್ನ

(ನೆರೆ, ಬರ, ಭೂಕುಸಿತ ಆದಾಗ ಪರಿಹಾರಕ್ಕೆ ಹೋಗುವ ಕ್ರೈಸ್ತ ಸಭೆಯ ಯುವಜನರಿಗಾಗಿ ನಡೆದ ಶಿಬಿರವೊಂದರಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಊಟದ ಹೊತ್ತು ಮೀರುತ್ತಿದೆ ಎಂದು ಅಂದು ಹಾರಿಸಿದ್ದ ಒಂದೆರಡು ಸಂಗತಿಗಳನ್ನು ಮತ್ತೆ ಸೇರಿಸಿದ್ದೇನೆ.)

ಎಲ್ಲರಿಗೂ ವಂದನೆಗಳು. ಸಭಾಪಾಲಕರು ನನ್ನನ್ನು ಪರಿಚಯಿಸುವಾಗ ‘ಅನುಭವಿಗಳು’ ಅಂದರು. ಅನುಭವ ಅಂದರೆ ಮಾಡಿದ ತಪ್ಪುಗಳ ಲೆಕ್ಕ ತಾನೇ, ಹಾಗಾಗಿ ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

2009ರ ಅಕ್ಟೋಬರ್. ತುಂಗಭದ್ರೆ ಉಕ್ಕಿ ರಾಯಚೂರು ಜಿಲ್ಲೆಯ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ನಾವು ಏಳೆಂಟು ಜನ ಟೆಂಪೊದಲ್ಲಿ ಅಕ್ಕಿ, ಚಾದರ, ಬಿಸ್ಕಿಟ್ ಪೊಟ್ಟಣ ಹೇರಿಕೊಂಡು ಒಂದು ಸರ್ಕಾರಿ ಶಾಲೆಯಲ್ಲಿ ತೆರೆದಿದ್ದ ಗಂಜಿ ಕೇಂದ್ರಕ್ಕೆ ಹೋದೆವು. ನಾನು ಸಂಡೇ ಸ್ಕೂಲ್ ಮೇಷ್ಟ್ರು ಆದ್ದರಿಂದ ಮಕ್ಕಳನ್ನು ನನಗೆ ಒಪ್ಪಿಸಿದರು. ಚೀಲದಲ್ಲಿ ಕಥೆ ಹೇಳುವ ಚಿತ್ರಗಳಿದ್ದವು. ಕೈಗೆ ಸಿಕ್ಕ ಮೊದಲ ಕಟ್ಟು ಬೈಬಲಿನ ನೋಹನ ನಾವೆಯದು. ಯೋಚನೆ ಮಾಡಲಿಲ್ಲ, ಹೇಳಲು ಕೂತೆ. ಮಳೆ ಬಂತು, ನೀರು ಏರಿತು, ಒಳ್ಳೆಯವನಾದ ನೋಹ ಉಳಿದ, ಪ್ರಾಣಿಗಳು ಜೋಡಿ ಜೋಡಿಯಾಗಿ ಹತ್ತಿದವು. ಹೊರಗೆ ಇನ್ನೂ ಮಳೆ ಹನಿಯುತ್ತಿತ್ತು. ಮಕ್ಕಳು ಗಪ್‌ಚಿಪ್ ಕೂತಿದ್ದರು. ಕಥೆ ಚೆನ್ನಾಗಿ ಹಿಡಿಸಿದೆ ಎಂದು ನಾನು ಖುಷಿಯಾಗಿದ್ದೆ. ಆಗ ಎಂಟು ವರ್ಷದ ಒಬ್ಬ ಹುಡುಗ ಕೇಳಿದ, ‘ಹಂಗಾರ ನಮ್ಮ ಎಮ್ಮಿ ಏನ್ ತಪ್ಪು ಮಾಡಿತ್ರಿ?’

ಅವರ ಎಮ್ಮೆ ಗೂಟಕ್ಕೆ ಕಟ್ಟಿದ್ದ ಹಾಗೇ ಮುಳುಗಿತ್ತು. ಹಗ್ಗ ಬಿಚ್ಚಲು ಯಾರಿಗೂ ಪುರಸೊತ್ತು ಸಿಕ್ಕಿರಲಿಲ್ಲ.

ನನ್ನ ಬಾಯಿ ಕಟ್ಟಿತು. ಮೂವತ್ತು ಮಕ್ಕಳ ಎದುರು, ನಿಮ್ಮ ಊರು ಮುಳುಗಿದ್ದು ನೀವು ಕೆಟ್ಟವರಾದ್ದರಿಂದ ಎಂದು ನಾನು ಸಾರಿದ ಹಾಗಾಗಿತ್ತು. ಚಿತ್ರಗಳನ್ನು ಮಡಚಿಟ್ಟು ಆ ದಿನ ಕುಂಟೆಬಿಲ್ಲೆ ಆಡಿಸಿದೆ. ನೆರೆಗೆ ಹೋಗುವವರು ನೋಹನನ್ನು ಮನೆಯಲ್ಲೇ ಬಿಟ್ಟು ಹೋಗಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ನೀವು ನಗುತ್ತಿದ್ದೀರಿ, ಆದರೆ ನಿಮ್ಮಲ್ಲಿ ಯಾರ ಚೀಲದಲ್ಲಿ ಆ ಚಿತ್ರಗಳಿವೆ ಎಂದು ನನಗೆ ಗೊತ್ತಿದೆ.

ಆದರೆ ನಾನು ಹೇಳಹೊರಟ ತಪ್ಪು ಇದಲ್ಲ. ಅದು ಸಂಜೆ ಆಯಿತು. ಮಕ್ಕಳ ಪಟ್ಟಿ ಮಾಡುತ್ತಿದ್ದೆವು. ಅದೇ ಹುಡುಗ ಬಂದ. ಹೆಸರು ಬರೆದುಕೊಂಡೆ, ವಯಸ್ಸು ಬರೆದುಕೊಂಡೆ. ‘ಅಪ್ಪ ಅವ್ವ?’ ಅಂದೆ. ‘ಇಲ್ರಿ’ ಅಂದ. ನಾನು ಆ ಅಂಕಣದಲ್ಲಿ ‘ಅನಾಥ’ ಎಂದು ಬರೆದೆ.

ನಮ್ಮ ಭಾಷೆಯ ‘ಇಲ್ಲ’ ಎಷ್ಟು ಅಗಲದ ಪದ ನೋಡಿ. ಮನೆಯಲ್ಲಿ ಇಲ್ಲ, ಊರಲ್ಲಿ ಇಲ್ಲ, ಲೋಕದಲ್ಲೇ ಇಲ್ಲ, ಎಲ್ಲಕ್ಕೂ ಒಂದೇ ಮಾತು. ಅವನ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿದ್ದರು, ಕಟ್ಟಡದ ಕೆಲಸಕ್ಕೆ. ಹುಡುಗ ಅಜ್ಜಿಯ ಹತ್ತಿರ ಇದ್ದ. ಅಜ್ಜಿಗೆ ಜ್ವರ ಬಂದು ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಪಟ್ಟಿ ಅದೇ ರಾತ್ರಿ ಫ್ಯಾಕ್ಸ್‌ನಲ್ಲಿ ದೊಡ್ಡ ಊರಿಗೆ ಹೋಯಿತು, ಮಾರನೆಯ ಬೆಳಗ್ಗೆ ಫೋನ್ ಬಂತು. ನಾಲ್ಕು ಅನಾಥರಿದ್ದಾರಂತಲ್ಲ, ಹಾಸ್ಟೆಲಿನಲ್ಲಿ ಜಾಗ ಮಾಡಿದ್ದೇವೆ, ಗಾಡಿ ಕಳಿಸುತ್ತೇವೆ. ಯಾರ ಹಾಸ್ಟೆಲ್ಲು ಎಂದು ಹೇಳುವುದಿಲ್ಲ, ಅವರ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಗಾಡಿಯ ಚಕ್ರ ಕೆಸರಲ್ಲಿ ಹೂತು ಒಂದು ದಿನ ತಡವಾಯಿತು. ಅಷ್ಟರಲ್ಲಿ ಅಪ್ಪ ಸೊಂಟದವರೆಗೆ ನೀರಲ್ಲಿ ನಡೆದು ಬಂದು ಮುಟ್ಟಿದ. ಆ ಕೆಸರಿಗೆ ನಾನು ಇವತ್ತಿಗೂ ಋಣಿ.

ನಾಲ್ಕು ಜನರಲ್ಲಿ ನಿಜಕ್ಕೂ ಯಾರೂ ಇಲ್ಲದವರು ಎಷ್ಟು ಎಂದು ಕೇಳುತ್ತೀರಿ. ಒಬ್ಬರೂ ಅಲ್ಲ.

ಈಗ ಹೈಟಿಗೆ ಹೋಗೋಣ. 2010ರ ಜನವರಿ 12ರ ಸಂಜೆ ರಾಜಧಾನಿ ಪೋರ್ಟ್ ಒ ಪ್ರಿನ್ಸ್ ಹತ್ತಿರ 7.0 ತೀವ್ರತೆಯ ಭೂಕಂಪವಾಯಿತು. ಸತ್ತವರು ಲಕ್ಷಕ್ಕೂ ಹೆಚ್ಚು. ಎರಡೂವರೆ ವಾರ ಕಳೆದಿರಲಿಲ್ಲ, ಜನವರಿ 29ರಂದು ಅಮೆರಿಕದ ಹತ್ತು ಜನ ಬ್ಯಾಪ್ಟಿಸ್ಟ್ ಸ್ವಯಂಸೇವಕರು, ಹೆಚ್ಚಿನವರು ಐಡಾಹೊ ರಾಜ್ಯದ ಸಭೆಗಳವರು, 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಡೊಮಿನಿಕನ್ ಗಣರಾಜ್ಯದ ಗಡಿಗೆ ಬಂದರು. ಆಚೆ ಕಡೆ ಅನಾಥಾಲಯ ಕಟ್ಟುವ ಯೋಜನೆ ಅವರದು. ಮಕ್ಕಳನ್ನು ದೇಶದಿಂದ ಹೊರಗೆ ಕರೆದೊಯ್ಯಲು ಬೇಕಾದ ಕಾಗದ ಅವರ ಬಳಿ ಇರಲಿಲ್ಲ. ಪೊಲೀಸರು ಹಿಡಿದರು. ಎರಡು ತಿಂಗಳ ಕೂಸಿನಿಂದ ಹನ್ನೆರಡು ವರ್ಷದವರೆಗಿನ ಮಕ್ಕಳು. ಅವರನ್ನು ಎಸ್‌ಒಎಸ್ ಮಕ್ಕಳ ಗ್ರಾಮಕ್ಕೆ ಒಯ್ದಾಗ ಒಬ್ಬ ಪುಟ್ಟ ಹುಡುಗಿ, ನಾನು ಅನಾಥೆ ಅಲ್ಲ, ನನಗೆ ಅಪ್ಪ ಅಮ್ಮ ಇದ್ದಾರೆ ಎಂದು ಅಳುತ್ತಿದ್ದಳು ಎಂದು ಅಲ್ಲಿನವರು ಪತ್ರಕರ್ತರಿಗೆ ಹೇಳಿದರು. ವಿಚಾರಿಸಿದಾಗ ಹೆಚ್ಚಿನ ಮಕ್ಕಳಿಗೆ ತಂದೆ ತಾಯಿ ಇದ್ದರು. ಹಲವರು ಕಾಲೆಬಾಸ್ ಎಂಬ ಒಂದೇ ಊರಿನವರು.

ಇಲ್ಲಿ ನಿಲ್ಲಿ. ಆ ಮಕ್ಕಳನ್ನು ಯಾರೂ ಕದ್ದಿರಲಿಲ್ಲ, ತಂದೆ ತಾಯಂದಿರೇ ಕೈಯಾರೆ ಬಸ್ಸು ಹತ್ತಿಸಿದ್ದರು. ಓದಿಸುತ್ತೇವೆ, ಆಟದ ಬಯಲಿದೆ, ಈಜುಕೊಳವಿದೆ, ಬಂದು ನೋಡಿಕೊಂಡು ಹೋಗಬಹುದು ಎಂಬ ಭರವಸೆ ಸಿಕ್ಕಿತ್ತು. ಮನೆ ಬಿದ್ದು ಬೀದಿಯಲ್ಲಿ ಮಲಗಿದ ತಾಯಿಗೆ ಇದನ್ನು ಹೇಳಿದರೆ ಆಕೆ ಏನು ಮಾಡಬೇಕು? ಅದು ಒಪ್ಪಿಗೆಯೇ? ಬೆಂಕಿ ಬಿದ್ದ ಮನೆಯ ಮಾಳಿಗೆಯಿಂದ ಕೂಸನ್ನು ಕೆಳಗೆ ಎಸೆಯುವವಳೂ ಒಪ್ಪಿಯೇ ಎಸೆಯುತ್ತಾಳೆ. ಕೆಳಗೆ ಹಿಡಿದವನು, ಕೊಟ್ಟಳಲ್ಲ, ಇನ್ನು ನನ್ನದು ಎಂದು ನಡೆದುಬಿಡುವುದಿಲ್ಲ.

ಆ ಹತ್ತು ಜನರಲ್ಲಿ ಎಂಟು ಮಂದಿ ಫೆಬ್ರುವರಿಯಲ್ಲಿ ಬಿಡುಗಡೆಯಾದರು. ಅಪಹರಣದ ಆರೋಪ ಕೊನೆಗೆ ಬಿದ್ದುಹೋಯಿತು. ಮುಂದಾಳು ಮಹಿಳೆಗೆ ಮಕ್ಕಳ ಅಕ್ರಮ ಪ್ರಯಾಣ ಏರ್ಪಡಿಸಿದ್ದಕ್ಕೆ ಶಿಕ್ಷೆಯಾಗಿ, ಜೈಲಿನಲ್ಲಿ ಕಳೆದ ದಿನಗಳೇ ಸಾಕೆಂದು ಮೇ ತಿಂಗಳಲ್ಲಿ ಬಿಟ್ಟರು. ನನ್ನನ್ನು ಕಾಡುವುದು ಅವರ ಶಿಕ್ಷೆಯ ಲೆಕ್ಕವಲ್ಲ. ಅವರು ನಮ್ಮಂಥವರೇ ಎಂಬುದು. ಪ್ರಾರ್ಥನೆ ಮಾಡಿ, ರಜೆ ಹಾಕಿ, ಜೇಬಿನ ದುಡ್ಡು ಹಾಕಿ ಹೋದವರು. ನಾನು ಪಟ್ಟಿಯಲ್ಲಿ ಬರೆದ ಪದವನ್ನೇ ಅವರು ಬಸ್ಸಿನ ಮೇಲೆ ಬರೆದರು, ಅಷ್ಟೇ ವ್ಯತ್ಯಾಸ.

ಇದಕ್ಕೆ ಐದು ವರ್ಷ ಮೊದಲು, 2004ರ ಡಿಸೆಂಬರ್ 26ರ ಸುನಾಮಿಯ ನಂತರ, ಇಂಡೊನೇಷ್ಯಾದ ಅಚೇ ಪ್ರಾಂತದಲ್ಲೂ ಇಂಥದೇ ಆಗುವುದಿತ್ತು. ಅಮೆರಿಕದ ಒಂದು ಮಿಷನ್ ಸಂಸ್ಥೆ ಅಲ್ಲಿನ 300 ಮುಸ್ಲಿಂ ಮಕ್ಕಳನ್ನು ಜಕಾರ್ತಾದ ಕ್ರೈಸ್ತ ಮಕ್ಕಳ ಮನೆಯಲ್ಲಿ ಬೆಳೆಸುತ್ತೇವೆಂದು ಸಾರಿ ಹಣ ಎತ್ತಿತ್ತು. ಸುದ್ದಿ ಪತ್ರಿಕೆಗೆ ಬಂದು, ಸರ್ಕಾರ ಒಪ್ಪದೆ, ಯೋಜನೆ ಅಲ್ಲೇ ನಿಂತಿತು. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಆಮೇಲೆ ಅಚೇಯ ಮಕ್ಕಳ ನಿಲಯಗಳ ಸಮೀಕ್ಷೆ ಮಾಡಿದಾಗ, ಸುನಾಮಿ ನಂತರ ಸೇರಿದ ಮಕ್ಕಳಲ್ಲಿ ಬಹುಪಾಲು ಮಂದಿಯನ್ನು ಮನೆಯವರೇ ಓದಿಗಾಗಿ ತಂದು ಬಿಟ್ಟಿದ್ದರೆಂದು ತಿಳಿಯಿತು. ಅವು ಕ್ರೈಸ್ತ ನಿಲಯಗಳಲ್ಲ. ಅಂದರೆ ಈ ರೋಗ ನಮ್ಮ ಮತಕ್ಕಷ್ಟೇ ಅಂಟಿದ್ದಲ್ಲ. ಹಣ ಮಗುವಿನ ಹಿಂದೆ ನಿಲಯಕ್ಕೆ ಹೋದರೆ ಮಗುವೂ ನಿಲಯಕ್ಕೆ ಹೋಗುತ್ತದೆ. ಹಣ ಮನೆಗೆ ಹೋದರೆ ಮಗು ಮನೆಯಲ್ಲಿ ಉಳಿಯುತ್ತದೆ.

ನಮ್ಮ ನೆಲದ ಮಾತಿಗೆ ಬರುತ್ತೇನೆ. 1876ರಿಂದ 78ರ ಬರ. ಧಾತು, ಈಶ್ವರ ಸಂವತ್ಸರಗಳ ಬರ ಎಂದು ಹಳಬರು ಕರೆಯುತ್ತಿದ್ದದ್ದು ಅದನ್ನೇ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. ಹತ್ತು ವರ್ಷ ಬಿಟ್ಟು ಎಣಿಸಿದಾಗ 41 ಲಕ್ಷ 86 ಸಾವಿರ. ಆ ನಡುವೆ ಹುಟ್ಟಿದವರನ್ನೂ ಸೇರಿಸಿಕೊಂಡು ಯೋಚಿಸಿ. ತಾಯಿ ಸತ್ತ ಮಕ್ಕಳು, ದಾರಿಯಲ್ಲಿ ತಪ್ಪಿದ ಮಕ್ಕಳು, ಗಂಜಿಗೆ ಬಿಟ್ಟು ಹೋದ ಮಕ್ಕಳು ಮಿಷನ್ನುಗಳ ಕೈಗೆ ಬಂದರು. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯ ನಡೆಸಿದರು. ಕಥೋಲಿಕರು ಬರದ ಮಕ್ಕಳನ್ನಿಟ್ಟುಕೊಂಡು ಬೇಸಾಯದ ಊರುಗಳನ್ನೇ ಕಟ್ಟಿದರು. ನೆಲಮಂಗಲದ ಕಡೆಯ ಸಿಲುವೆಪುರದ ಹೆಸರು ಕೇಳಿರುತ್ತೀರಿ, ಶಿಲುಬೆಯ ಊರು.

ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರು ಎತ್ತಿಕೊಳ್ಳದಿದ್ದರೆ ಆ ಮಕ್ಕಳು ಹದ್ದುಗಳ ಪಾಲಾಗುತ್ತಿದ್ದರು. ಆದರೆ ತುಮಕೂರಿನ ಅಣ್ಣ, ಹಾಸನದ ತಂಗಿ ಎಂದು ಯೋಚಿಸಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅನ್ನಕ್ಕಾಗಿ ಮತ ಸೇರಿದವರು ಎಂಬ ಮೂದಲಿಕೆ, ‘ರೈಸ್ ಕ್ರಿಶ್ಚಿಯನ್’ ಎಂಬ ಆ ಕೊಂಕು, ನಮ್ಮ ಬೆನ್ನ ಹಿಂದೆ ಇವತ್ತೂ ಕೇಳುತ್ತದಲ್ಲ, ಅದು ಗಟ್ಟಿಯಾಗಿದ್ದು ಅಂಥ ಕಾಲದಲ್ಲಿ. ಅಂದವರದು ಕ್ರೌರ್ಯ, ನಿಜ. ಹಸಿದವನು ಉಣ್ಣುವುದನ್ನು ಹಂಗಿಸುವುದಕ್ಕಿಂತ ಹೀನ ಕೆಲಸ ಇನ್ನೊಂದಿಲ್ಲ. ಆದರೆ ಎಂಟು ವರ್ಷದ ಮಗುವಿಗೆ ಅನ್ನ ಮತ್ತು ದೀಕ್ಷಾಸ್ನಾನ ಒಂದೇ ಬಾಗಿಲಿನಿಂದ ಬಂದರೆ, ಮುಂದೆ ಆ ಮಗುವಿಗೇ ತನ್ನ ನಂಬಿಕೆ ತನ್ನದೋ ಹಸಿವಿನದೋ ಎಂಬ ಸಂಶಯ ಉಳಿಯುತ್ತದೆ. ಆ ಸಂಶಯವನ್ನು ಯಾವ ಮಗುವಿನ ತಲೆಗೂ ಕಟ್ಟಬೇಡಿ.

ಅದೇ ದಶಕದ ಬರಗಾಲದಲ್ಲಿ ಮನೆಯವರನ್ನು ಕಳಕೊಂಡ ಇನ್ನೊಬ್ಬ ಹುಡುಗಿಯಿದ್ದಾಳೆ. ಅವಳ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಲು ಬಿಡಿ. ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರು ತಮ್ಮವಳು ಅನ್ನುತ್ತಾರೆ, ಸರಿಯೇ. ಆದರೆ ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜಾತಿಯವರ ವಿರೋಧ ಕಟ್ಟಿಕೊಂಡು ಕಾಡು ಸೇರಿದವರು. ಮಗು ಆರು ತಿಂಗಳಿದ್ದಾಗ ಕುಟುಂಬ ಘಟ್ಟ ಇಳಿಯಿತು. ರಮಾ ಇಳಿದದ್ದು ಬೆತ್ತದ ಪೆಟ್ಟಿಗೆಯಲ್ಲಿ. ಆಮೇಲೆ ಊರೂರು ಸುತ್ತಿ ಪುರಾಣ ಓದಿ ಬಂದದ್ದರಲ್ಲಿ ಜೀವನ.

1870ರ ದಶಕದ ಬರಗಾಲದಲ್ಲಿ ಪುರಾಣ ಕೇಳುವವರಿಲ್ಲ, ದಕ್ಷಿಣೆ ಇಲ್ಲ. ಭಾಗವತದ ಸಾವಿರಾರು ಶ್ಲೋಕ ಬಾಯಿಗೆ ಬರುತ್ತಿದ್ದ ಹುಡುಗಿ ಎಲೆ ತಿಂದು ದಿನ ಕಳೆದಳು. ಮೊದಲು ತಂದೆ ಹೋದರು, ಕೆಲವೇ ವಾರಗಳಲ್ಲಿ ತಾಯಿ. ಹೆಣ ಎತ್ತಲು ಜನ ಸಿಗಲಿಲ್ಲ. ಇಬ್ಬರು ಬ್ರಾಹ್ಮಣರು ಮರುಗಿ ಹೆಗಲು ಕೊಟ್ಟರು, ಮೂರನೆಯವನು ಅಣ್ಣ ಶ್ರೀನಿವಾಸ, ನಾಲ್ಕನೆಯವಳು ರಮಾ. ಮಸಣ ಮೂರು ಮೈಲಿ ದೂರ. ಇವಳು ಕುಳ್ಳಿ, ಚಟ್ಟ ಹೆಗಲಿಗೆ ಕೂರುತ್ತಿರಲಿಲ್ಲ. ಅವ್ವನನ್ನು ತಲೆಯ ಮೇಲೆ ಹೊತ್ತಳು. ಇದನ್ನು ಆಕೆಯೇ ಬರೆದುಕೊಂಡಿದ್ದಾಳೆ. ಆಮೇಲೆ ಅಕ್ಕನೂ ಹೋದಳು. ಉಳಿದ ಅಣ್ಣ ತಂಗಿ ನಡೆದೂ ನಡೆದೂ 1878ರಲ್ಲಿ ಕಲ್ಕತ್ತ ಮುಟ್ಟಿದರು. ಅಲ್ಲಿನ ವಿದ್ವಾಂಸರು ‘ಪಂಡಿತಾ’ ಎಂದು ಕರೆದದ್ದು ಈ ಹುಡುಗಿಯನ್ನು.

ಮುಂದಿನ ಕಥೆ ನಿಮಗೆ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ಮದುವೆ, ಮಗಳು ಮನೋರಮಾ, ವೈಧವ್ಯ, ಇಂಗ್ಲೆಂಡು, 1883ರಲ್ಲಿ ದೀಕ್ಷಾಸ್ನಾನ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಎಂಬ ಹೆಣ್ಣುಮಕ್ಕಳ ಶಾಲೆ. ನನಗೆ ಬೇಕಾದದ್ದು 1896-97. ಮಧ್ಯ ಪ್ರಾಂತಗಳಲ್ಲಿ ಬರ ಬಿದ್ದಾಗ ರಮಾಬಾಯಿ ಅಲ್ಲಿಗೆ ಹೋದರು. ಪರಿಹಾರ ಶಿಬಿರಗಳ ಸುತ್ತ ಹೆಣ್ಣುಮಕ್ಕಳನ್ನು ಕೊಂಡೊಯ್ಯುವ ದಲ್ಲಾಳಿಗಳು ಸುಳಿದಾಡುತ್ತಿದ್ದರು. ಆಕೆ ಸುಮಾರು 300 ಹೆಣ್ಣುಮಕ್ಕಳನ್ನು, ಎಳೆಯ ವಿಧವೆಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಕಟ್ಟುಪಾಡು ಇದ್ದುದರಿಂದ ಊರಾಚೆ ಕೇಡಗಾಂವದ ಹೊಲದಲ್ಲಿ ಡೇರೆ ಹೊಡೆದರು. ಮುಕ್ತಿ ಮಿಷನ್ ಬೆಳೆದದ್ದು ಹಾಗೆ. 1900ರ ಗುಜರಾತ್ ಬರದ ಮಕ್ಕಳೂ ಸೇರಿ ಅಲ್ಲಿ ಸುಮಾರು 2000 ಜನರಾದರು.

ನಾನು ಆಕೆಯ ಹೆಸರು ಎತ್ತುವುದು ಈ ಸಂಖ್ಯೆಗಾಗಿ ಅಲ್ಲ. ಆ ಅಂಗಳಕ್ಕೆ ಯಾರು ಯಾರು ಬಂದರು ನೋಡಿ. ವಿಧವೆಯರು ಕೂಸಿನೊಂದಿಗೆ ಬಂದರು. ಸಮಾಜ ‘ಕೆಟ್ಟವಳು’ ಎಂದು ದೂಡಿದವರಿಗೆ ಕೃಪಾ ಸದನ, ಮುದುಕಿಯರಿಗೆ ಪ್ರೀತಿ ಸದನ, ಗಂಡುಮಕ್ಕಳಿಗೂ ಒಂದು ಸದನ. ಕುರುಡರಿಗೆ ಬ್ರೈಲ್. ಮಗ್ಗ, ಗಾಣ, ಮುದ್ರಣ, ಹೈನು ಎಲ್ಲ ಇತ್ತು, ಉಂಡವರೆಲ್ಲ ಒಂದು ಕಸುಬು ಕಲಿತರು. ಮಗುವನ್ನು ತಾಯಿಯಿಂದ ಬಿಡಿಸಿ ಉಳಿಸುವುದಲ್ಲ, ಅವ್ವನೂ ಒಳಗೆ ಬರಲಿ ಎಂಬ ಬುದ್ಧಿ ಅದು. ತಲೆಯ ಮೇಲೆ ಅವ್ವನ ಚಟ್ಟ ಹೊತ್ತವಳಿಗೆ ಮಾತ್ರ ಹೊಳೆಯುವ ಬುದ್ಧಿಯೋ ಏನೋ.

ಆಕೆಯ ಮೇಲೂ ಆಕ್ಷೇಪಣೆ ಇತ್ತು. ಶಾರದಾ ಸದನದ ಹುಡುಗಿಯರು ಕ್ರೈಸ್ತ ಪ್ರಾರ್ಥನೆಗೆ ಕೂರುತ್ತಾರೆಂದು 1893ರಲ್ಲಿ ದೊಡ್ಡ ಗಲಾಟೆಯಾಯಿತು. ತಿಲಕರು ‘ಕೇಸರಿ’ಯಲ್ಲಿ ಝಾಡಿಸಿದರು. ರಾನಡೆ, ಭಂಡಾರ್ಕರ್ ಅಂಥ ಹಿತೈಷಿಗಳೂ ಸಲಹಾ ಮಂಡಳಿ ಬಿಟ್ಟರು. ನಮ್ಮ ಸಭೆಗಳಲ್ಲಿ ಇದನ್ನು ಶತ್ರುಗಳ ಕಾಟ ಎಂದು ಹೇಳಿ ಮುಗಿಸುವ ರೂಢಿ. ನನಗೆ ಹಾಗನಿಸುವುದಿಲ್ಲ. ಮಗಳನ್ನು ಓದಲು ಬಿಟ್ಟ ತಂದೆ, ನೀವು ಅವಳಿಗೆ ಏನು ಕಲಿಸುತ್ತಿದ್ದೀರಿ ಎಂದು ಕೇಳಿದರೆ ಅದು ಕಾಟವಲ್ಲ, ಹಕ್ಕು. ಇನ್ನೊಂದು ಮಾತು ನಡುವೆಯೇ ಹೇಳಿಬಿಡುತ್ತೇನೆ. ಆಕೆಯ ಮಗಳು ಮನೋರಮಾ ಮುಂದೆ ಕೆಲಸ ಮಾಡಿದ್ದು ಆಗಿನ ನಿಜಾಮರ ಸೀಮೆಯ ಗುಲಬರ್ಗದಲ್ಲಿ, ಹೆಣ್ಣುಮಕ್ಕಳ ಶಾಲೆ ಕಟ್ಟಿ. ಗಂಗಾಮೂಲದಿಂದ ಬೆತ್ತದ ಪೆಟ್ಟಿಗೆಯಲ್ಲಿ ಹೊರಟದ್ದು ಸುತ್ತಿ ಬಳಸಿ ಕನ್ನಡನಾಡಿಗೇ ಬಂತು.

ಸರಿ, ನೀವು ನಾಳೆ ಹೋಗುವವರು. ಏನು ಮಾಡಬೇಕು ಎಂದು ಕೇಳಬೇಕಲ್ಲ.

ಕಾನೂನು ಸರಳ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ನೈಸರ್ಗಿಕ ವಿಕೋಪಕ್ಕೆ ಸಿಕ್ಕ ಮಗು ಪಾಲನೆ ಮತ್ತು ರಕ್ಷಣೆ ಬೇಕಾದ ಮಗು. ಒಂಟಿ ಮಗು ಕೈಗೆ ಸಿಕ್ಕರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಹೊತ್ತು ಬಿಟ್ಟು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಮ್ಮ ಸಭೆಯ ಹಾಸ್ಟೆಲ್ ಇದೆ, ಅಲ್ಲಿಟ್ಟುಕೊಳ್ಳೋಣ, ಆಮೇಲೆ ನೋಡೋಣ ಅನ್ನುವ ಹಾಗಿಲ್ಲ. ನೋಂದಣಿ ಇಲ್ಲದ ನಿಲಯದಲ್ಲಿ ಮಕ್ಕಳನ್ನಿಡುವುದು ಅಪರಾಧ. ದತ್ತು ಕೊಡಬಹುದೆಂದು ಸಮಿತಿ ಘೋಷಿಸುವ ಮುನ್ನ ಹುಡುಕಾಟಕ್ಕೆ ಕಾಲ ಕೊಡುತ್ತದೆ, ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳು, ದೊಡ್ಡ ಮಗುವಿಗೆ ನಾಲ್ಕು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಹೋದಾಗ ಮಕ್ಕಳನ್ನು ದತ್ತು ಕೊಡಿ ಎಂದು ಕೇಳುವವರು ಸಾಲುಗಟ್ಟಿದರು. ಕಾನೂನಿನ ದಾರಿಯಲ್ಲೇ ಬನ್ನಿ ಎಂದು ಕೇರಳ ಸರ್ಕಾರ ಹೇಳಬೇಕಾಯಿತು. ಅವರೆಲ್ಲ ಕರುಣೆಯಿಂದ ಕೇಳಿದವರು. ಕರುಣೆಗೆ ಅವಸರ ಜಾಸ್ತಿ.

ಪಟ್ಟಿ ಮಾಡುವಾಗ ಅಪ್ಪ ಅವ್ವ ಇದ್ದಾರಾ ಎಂದು ಕೇಳಬೇಡಿ. ನಿನ್ನೆ ರಾತ್ರಿ ಯಾರ ಪಕ್ಕ ಮಲಗಿದ್ದೆ ಎಂದು ಕೇಳಿ. ಹಬ್ಬಕ್ಕೆ ಯಾರ ಮನೆಗೆ ಹೋಗುತ್ತೀ, ಸೋದರಮಾವನ ಊರು ಯಾವುದು, ಶಾಲೆಯ ಟೀಚರ್ ಹೆಸರೇನು. ಮಗುವಿನ ಬಾಯಲ್ಲಿ ಬಂದ ಉಚ್ಚಾರಣೆಯಲ್ಲೇ ಊರ ಹೆಸರು ಬರೆದುಕೊಳ್ಳಿ, ನೀವು ತಿದ್ದಬೇಡಿ. ಅಣ್ಣ ತಮ್ಮ ಅಕ್ಕ ತಂಗಿಯರನ್ನು ಬೇರೆ ಬೇರೆ ಸಾಲಲ್ಲಿ ನಿಲ್ಲಿಸಬೇಡಿ. ಫೋಟೊ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕುವವರನ್ನು ನಾನೇ ಟೆಂಪೊ ಹತ್ತಿಸುವುದಿಲ್ಲ.

ಇನ್ನು, ಬೈಬಲಿನ ಯಾಕೋಬನ ಪತ್ರದ ಒಂದನೆಯ ಅಧ್ಯಾಯದ 27ನೇ ವಚನ ನಮಗೆಲ್ಲ ಬಾಯಿಪಾಠ. ಅನಾಥಾಲಯಗಳ ಗೋಡೆಯ ಮೇಲೆ ಅದೇ ಇರುತ್ತದೆ. ಆದರೆ ಅದು ದಿಕ್ಕಿಲ್ಲದ ಮಕ್ಕಳನ್ನು ಸಂಕಟದಲ್ಲಿ ಪರಾಮರಿಸಿ ಎಂದು ಅಲ್ಲಿಗೇ ನಿಲ್ಲುವುದಿಲ್ಲ, ಅದೇ ಉಸಿರಿನಲ್ಲಿ ವಿಧವೆಯರನ್ನೂ ಅನ್ನುತ್ತದೆ. ಆ ವಿಧವೆ ಯಾರು? ಎಷ್ಟೋ ಸಲ ಅದೇ ಮಗುವಿನ ಅವ್ವ! ನಾವು ವಚನವನ್ನು ಮಧ್ಯಕ್ಕೆ ಹರಿದು ಮಗುವನ್ನು ಹಾಸ್ಟೆಲಿಗೆ ಸೇರಿಸಿ ಅವ್ವನನ್ನು ಗೇಟಿನ ಹೊರಗೆ ಬಿಟ್ಟಿದ್ದೇವೆ. ಒಂದು ಮಗುವಿಗೆ ಹಾಸ್ಟೆಲಿನಲ್ಲಿ ಖರ್ಚು ಮಾಡುವ ದುಡ್ಡನ್ನು ಆ ತಾಯಿಗೆ ಕೊಟ್ಟು ನೋಡಿ. ಒಂದು ಎಮ್ಮೆ, ಒಂದು ಹೊಲಿಗೆ ಯಂತ್ರ, ಆರು ತಿಂಗಳ ರೇಷನ್ನು. ವರದಿಯಲ್ಲಿ ಅದು ಚೆನ್ನಾಗಿ ಕಾಣುವುದಿಲ್ಲ ನಿಜ. ಎಮ್ಮೆಯ ಫೋಟೊ ನೋಡಿ ಯಾರ ಕಣ್ಣೂ ಒದ್ದೆಯಾಗುವುದಿಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ತಂಗಿ ಕೇಳಿದಳು, ಹಾಗಾದರೆ ಶಿಬಿರದಲ್ಲಿ ಪ್ರಾರ್ಥನೆಯನ್ನೂ ಮಾಡಬಾರದಾ, ಯೇಸುವಿನ ಹೆಸರನ್ನೇ ಎತ್ತಬಾರದಾ ಎಂದು. ನೀನು ಪ್ರಾರ್ಥನೆ ಮಾಡಿಯೇ ಟೆಂಪೊ ಹತ್ತು ಅಂದೆ. ಅಲ್ಲಿ ಯಾರಾದರೂ ನೀವು ಯಾರು, ಯಾಕೆ ಬಂದಿರಿ ಎಂದು ಕೇಳಿದರೆ ಮುಚ್ಚಿಡದೆ ಹೇಳು. ದೊಡ್ಡವರು ಅವರಾಗಿ ಕೇಳಿದರೆ ಅವರ ಜೊತೆ ಪ್ರಾರ್ಥಿಸು. ಮಕ್ಕಳನ್ನು ಸಾಲಾಗಿ ಕೂರಿಸಿ, ಪ್ರಾರ್ಥನೆಯ ಕೊನೆಗೆ ಬಿಸ್ಕಿಟ್ ಕೊಡಬೇಡ. 1994ರಲ್ಲಿ ರೆಡ್‌ಕ್ರಾಸ್ ಜೊತೆಗೂಡಿ ಪರಿಹಾರ ಕೆಲಸದ ನೀತಿಸಂಹಿತೆ ಮಾಡಿದಾಗ, ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದಿಡಲು ಬಳಸುವುದಿಲ್ಲ ಎಂದು ಒಪ್ಪಿದವರಲ್ಲಿ ಕಥೋಲಿಕರ ನೆರವಿನ ಸಂಸ್ಥೆ ಕಾರಿತಾಸ್ ಇತ್ತು, ಲೂಥರನ್ ವಿಶ್ವ ಒಕ್ಕೂಟ ಇತ್ತು, ಸಭೆಗಳ ವಿಶ್ವ ಮಂಡಳಿ ಇತ್ತು. ಯಾರೋ ನಮ್ಮ ಮೇಲೆ ಹೇರಿದ ನಿಯಮವಲ್ಲ ಅದು, ನಮ್ಮ ಹಿರಿಯರೇ ಸಹಿ ಹಾಕಿದ್ದು. ತಂಗಿಗೆ ಪೂರ್ತಿ ಸಮಾಧಾನ ಆದಂತೆ ಕಾಣಲಿಲ್ಲ. ಇರಲಿ, ಅವಳು ಹೋಗಿ ಬಂದ ಮೇಲೆ ಮತ್ತೆ ಮಾತಾಡೋಣ ಅಂದಿದ್ದೇನೆ.

ಊಟದ ಸಾಲಿನಲ್ಲಿ ಎಂಬತ್ತರ ಹತ್ತಿರದ ಒಬ್ಬ ಹಿರಿಯರು ತಟ್ಟೆ ಹಿಡಿದುಕೊಂಡೇ ನನ್ನ ಪಕ್ಕ ಬಂದು ನಿಂತರು. ‘ನಮ್ಮ ಮುತ್ತಜ್ಜ ನೀವು ಹೇಳಿದ ಆ ಬರದ ಮಗು’ ಅಂದರು. ಮಿಷನ್ನಿನವರು ಇಟ್ಟ ಹೆಸರು ಗೊತ್ತಂತೆ, ದೀಕ್ಷಾಸ್ನಾನದ ತಾರೀಕು ಗೊತ್ತಂತೆ. ಮೊಮ್ಮಗಳ ಮದುವೆ ಪತ್ರಿಕೆ ಅಚ್ಚು ಹಾಕಿಸುವಾಗ ಬೀಗರು ಅವರ ಮೂಲ ಊರಿನ ಹೆಸರು ಬರೆಸಿ, ನಿಮ್ಮದು ಯಾವೂರು ಎಂದು ಕೇಳಿದರಂತೆ. ‘ಇಲ್ಲ ಅಂದೆ’ ಅಂದರು. ಎಲ್ಲಾದರೂ ಸಿಗಬಹುದಾ ಎಂದು ಕೇಳಿದರು. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಮಿಷನ್ನುಗಳ ಹಳೆಯ ಕಾಗದಪತ್ರಗಳ ಸಂಗ್ರಹ ಇದೆ, ಅಲ್ಲಿ ನೋಡಬಹುದು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಮಕ್ಕಳ ಹೆಸರಿನ ಪಕ್ಕ ಊರಿಗೆ ಅಂಕಣ ಇತ್ತೋ ಇಲ್ಲವೋ ನನಗೆ ತಿಳಿಯದು ಎಂದೂ ಹೇಳಿದೆ. ಅವರು ಚೀಟಿಯನ್ನು ಮಡಚಿ ಸಂಗೀತ ಪುಸ್ತಕದ ನಡುವೆ ಇಟ್ಟುಕೊಂಡು, ಅನ್ನ ಬಡಿಸಿಕೊಳ್ಳಲು ಹೋದರು.